ಶಸ್ತ್ರಚಿಕಿತ್ಸೆಯ ನಂತರದ ಸೆಪ್ಸಿಸ್‌ನಲ್ಲಿ ಮೂತ್ರದ ಸೂಚಕಗಳನ್ನು ಓದುವ ಬಗೆ

ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಸೆಪ್ಸಿಸ್‌ಗೆ (ಸೋಂಕಿಗೆ ದೇಹದ ಪ್ರತಿಕ್ರಿಯೆ ಹದತಪ್ಪಿ ಅಂಗಗಳಿಗೇ ಹಾನಿಯಾಗುವ ಸ್ಥಿತಿಗೆ) ತುತ್ತಾದ ರೋಗಿಯ ಮುಂದಿನ ಸ್ಥಿತಿಯನ್ನು ಅಂದಾಜಿಸಲು ಹೊರಟವರು ಪ್ರಯೋಗಾಲಯದ ವರದಿಗಿಂತ ಮೊದಲು ನೋಡಬೇಕಾದದ್ದು ಗಂಟೆಗಂಟೆಗೆ ಬರೆದಿಟ್ಟ ಮೂತ್ರದ ಪ್ರಮಾಣವನ್ನು. ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ 0.5 ಮಿಲಿಲೀಟರ್‌ಗಿಂತ ಕಡಿಮೆ ಮೂತ್ರ ಸತತ 6 ಗಂಟೆ ಬಂದರೆ, ಮೂತ್ರಪಿಂಡ ಕಾಯಿಲೆಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಕೆಡಿಗೊದ 2012ರ ಮಾರ್ಗಸೂಚಿಯ ಪ್ರಕಾರ ಅದು ಮೂತ್ರಪಿಂಡದ ತೀವ್ರ ಹಾನಿಯ ಮೊದಲ ಹಂತ. 70 ಕಿಲೋ ತೂಕದವರಿಗೆ ಈ ಗಡಿ ಗಂಟೆಗೆ 35 ಮಿಲಿಲೀಟರ್. ಆದರೆ ಶಸ್ತ್ರಚಿಕಿತ್ಸೆಯ ಒತ್ತಡದಿಂದಲೇ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವುದುಂಟು, ಮೂತ್ರ ಹೆಚ್ಚಿಸುವ ಔಷಧಿಯಾದ ಫ್ಯೂರೋಸೆಮೈಡ್ ಕೊಟ್ಟಿದ್ದರೆ ಪ್ರಮಾಣ ಹುಸಿಯಾಗಿ ಏರುವುದೂ ಉಂಟು. ಮೂತ್ರ ಏಕಾಏಕಿ ನಿಂತಿದ್ದರೆ ಮೂತ್ರ ಹೊರತರುವ ಕೊಳವೆಯಾದ ಕ್ಯಾತಿಟರ್ ಮಡಚಿಕೊಂಡಿದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮೊದಲ ಕೆಲಸ.

ಮಾದರಿಯನ್ನು ಚೀಲದಲ್ಲಿ ನಿಂತ ಮೂತ್ರದಿಂದಲ್ಲ, ಕ್ಯಾತಿಟರ್‌ನ ಮಾದರಿ ದ್ವಾರದಿಂದ ತಾಜಾ ತೆಗೆಯಬೇಕು. ಶಸ್ತ್ರಚಿಕಿತ್ಸೆ ಮುಗಿದು ಎಷ್ಟು ಗಂಟೆಯಾಯಿತೆಂಬುದನ್ನು ಅದರೊಂದಿಗೇ ಬರೆಯಬೇಕು. ಸಮಯ ತಿಳಿಯದ ಅಂಕಿಗೆ ಅರ್ಥವಿಲ್ಲ.

ಎನ್‌ಜಿಎಎಲ್ ಎಂಬ ಪ್ರೋಟೀನ್ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ) ಏರುವ ಮೊದಲೇ, ಮೂತ್ರಪಿಂಡಕ್ಕೆ ಹಾನಿಯಾದ ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಹೆಚ್ಚುತ್ತದೆ. ಇದನ್ನು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೂ ಹೊರಹಾಕುವುದರಿಂದ ಸೆಪ್ಸಿಸ್‌ನಲ್ಲಿ ಮೂತ್ರಪಿಂಡ ಚೆನ್ನಾಗಿದ್ದಾಗಲೂ ಮಟ್ಟ ಏರಬಹುದು. ಮೂತ್ರನಾಳದ ಸೋಂಕಿದ್ದರಂತೂ ಗೊಂದಲ ಇನ್ನೂ ಹೆಚ್ಚು. ಜೀವಕೋಶ ಚಕ್ರದ (ಅಂದರೆ ಜೀವಕೋಶ ವಿಭಜನೆಯ) ತಡೆಯನ್ನು ಸೂಚಿಸುವ ಟಿಂಪ್-2 ಮತ್ತು ಐಜಿಎಫ್‌ಬಿಪಿ-7 ಎಂಬ ಪ್ರೋಟೀನ್‌ಗಳ ಜಂಟಿ ಮೂತ್ರ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2014ರಲ್ಲಿ ಅನುಮತಿ ನೀಡಿತು. ಅದರಲ್ಲಿ ಎರಡರ ಗುಣಲಬ್ಧದ ಸೂಚ್ಯಂಕ 0.3ನ್ನು ಮೀರಿದರೆ ಅಪಾಯವಿದೆಯೆಂದೂ, 2.0ನ್ನು ಮೀರಿದರೆ ಅಪಾಯ ಬಹಳ ಹೆಚ್ಚೆಂದೂ ಓದಲಾಗುತ್ತದೆ. ಆದರೆ ಈ ಪರೀಕ್ಷೆ ಹೇಳುವುದು ಮುಂದಿನ 12 ಗಂಟೆಗಳಲ್ಲಿ ಮಧ್ಯಮ ಅಥವಾ ತೀವ್ರ ಮೂತ್ರಪಿಂಡ ಹಾನಿಯ ಸಂಭವವನ್ನು ಮಾತ್ರ. ಅದನ್ನು ಸಾವು-ಬದುಕಿನ ತೀರ್ಪಾಗಿ ಓದುವುದೇ ಎಲ್ಲಕ್ಕಿಂತ ದೊಡ್ಡ ತಪ್ಪೆಂಬುದು ನನ್ನ ಅಭಿಪ್ರಾಯ.

ಮೂತ್ರದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತವು ರಕ್ತನಾಳಗಳ ಒಳಪದರ ಎಷ್ಟು ಸೋರುತ್ತಿದೆ ಎಂಬುದನ್ನು ಪರೋಕ್ಷವಾಗಿ ತೋರಿಸುತ್ತದೆ. ಶಸ್ತ್ರಚಿಕಿತ್ಸೆಯ ಗಾಯವೊಂದೇ ಇದನ್ನು ಕೆಲ ಗಂಟೆಗಳ ಕಾಲ ಏರಿಸಬಲ್ಲದಾದ್ದರಿಂದ, ಮೊದಲ ಅಳತೆಗಿಂತ ಮರುದಿನದ ಅಳತೆಯಲ್ಲಿ ಅದು ಇಳಿದಿದೆಯೇ ಎಂಬುದು ಮುಖ್ಯ. ಮಧುಮೇಹ ಅಥವಾ ಹಳೆಯ ಮೂತ್ರಪಿಂಡದ ಕಾಯಿಲೆ ಇದ್ದವರಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚಿನ ಅಳತೆ ಇಲ್ಲದಿದ್ದರೆ ಹೋಲಿಕೆಯೇ ಸಾಧ್ಯವಿಲ್ಲ.

ಇವೆಲ್ಲವನ್ನೂ ರಕ್ತದ ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ಏರುವ ಪದಾರ್ಥ) ಹಾಗೂ ಅಂಗಗಳ ವೈಫಲ್ಯವನ್ನು ಅಳೆಯುವ ಸೋಫಾ ಅಂಕದ ಪಕ್ಕದಲ್ಲಿಟ್ಟು ಓದಬೇಕು. ಸೋಫಾದಲ್ಲಿ ದಿನದ ಮೂತ್ರ 500 ಮಿಲಿಲೀಟರ್‌ಗಿಂತ ಕಡಿಮೆಯಾದರೆ 3 ಅಂಕ, 200ಕ್ಕಿಂತ ಕಡಿಮೆಯಾದರೆ 4 ಅಂಕ. ಮೂತ್ರದ ಸೂಚಕ ಏರಿದ್ದು ಉಳಿದವು ಇಳಿಯುತ್ತಿದ್ದರೆ, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಔಷಧಿಗಳನ್ನು ಮರುಪರಿಶೀಲಿಸಿ, ಮಾದರಿಯನ್ನು ಮತ್ತೊಮ್ಮೆ ಕಳಿಸುವುದು ಸರಿಯಾದ ಕ್ರಮ.