ಕೇರಂ: ಆಡಿದ್ದು ಸಾಕು, ಅಭ್ಯಾಸ ಮಾಡಿ

ಮುಂಬೈಯ ಚಾಳುಗಳಲ್ಲಿ ಕೇರಂ ಬಾರದವರನ್ನು ಹುಡುಕಬೇಕು. ಆದರೂ ನಮ್ಮ ಕನ್ನಡ ಸಂಘಗಳ ಪಂದ್ಯಾವಳಿಯಲ್ಲಿ ಎರಡನೇ ಸುತ್ತಿಗೇ ಗಂಟುಮೂಟೆ ಕಟ್ಟುವವರು ಬಹಳ. ವರ್ಷವಿಡೀ ಆಡಿರುತ್ತಾರೆ, ನಿಜ. ಆದರೆ ಆಟದಲ್ಲಿ ತಪ್ಪಿದ ಹೊಡೆತವನ್ನು ಮತ್ತೆ ಹೊಡೆದು ನೋಡಲು ಆಗುವುದಿಲ್ಲವಲ್ಲ!

ಬೋರ್ಡು ಪಂದ್ಯದ ಅಳತೆಯದೇ ಇರಲಿ: ಆಡುವ ಮೈ 74 ಸೆಂ.ಮೀ. ಚೌಕ, ಹೊಡೆಯುವ ಬಿಲ್ಲೆ, ಅಂದರೆ ಸ್ಟ್ರೈಕರ್, 15 ಗ್ರಾಂ ಮೀರದ್ದು. ಮಕ್ಕಳ ಬೋರ್ಡಿನಲ್ಲಿ ಕಲಿತ ಅಂದಾಜು ದೊಡ್ಡದರಲ್ಲಿ ಕೈಕೊಡುತ್ತದೆ. ನೆಲದ ಮೇಲಲ್ಲ, ಕುರ್ಚಿಯ ಮೇಲೆ ಕೂತೇ ಅಭ್ಯಾಸ ಮಾಡಿ. ಕಣ್ಣಿನ ಎತ್ತರ ಬದಲಾದರೆ ಗುರಿಯೂ ಬದಲಾಗುತ್ತದೆ.

ದಿನಕ್ಕೆ 40 ನಿಮಿಷ ಸಾಕು. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂತರೆ ಬೆರಳು ಸೋಲುತ್ತದೆ, ಸೋತ ಬೆರಳಿನ ತಪ್ಪು ಹೊಡೆತವೇ ಕೈಗೆ ರೂಢಿಯಾಗುತ್ತದೆ. ಲೋಕಲ್‌ನಲ್ಲಿ ಹ್ಯಾಂಡಲ್ ಹಿಡಿದು ನಿಂತು ಬಂದವರು ಹತ್ತು ನಿಮಿಷ ಕೈ ಸಡಿಲ ಬಿಟ್ಟು ಆಮೇಲೆ ಕೂರಿ.

ಮೊದಲಿಗೆ ನೇರ ಹೊಡೆತ. ಎದುರಿನ ಪಾಕೆಟ್‌ನಿಂದ ನಾಲ್ಕು ಬೆರಳು ದೂರ ಒಂದು ಕಾಯಿ ಇಟ್ಟು, ಅದೇ ಜಾಗದಿಂದ 20 ಸಲ ಹೊಡೆಯಿರಿ. ಬಿದ್ದದ್ದೆಷ್ಟು, ತಪ್ಪಿದ್ದು ಎಡಕ್ಕೋ ಬಲಕ್ಕೋ, ಬರೆದಿಡಿ. ಮೂರು ದಿನ ಸಾಲಾಗಿ 16 ಬಿದ್ದರೆ ಮಾತ್ರ ಕಾಯಿಯನ್ನು ಇನ್ನೊಂದು ಗೇಣು ಹಿಂದಕ್ಕೆ ಸರಿಸಿ.

ಇಲ್ಲೇ ಒಂದು ಗೋಳು: ಕಾಯಿಯ ಹಿಂದೆಯೇ ಸ್ಟ್ರೈಕರೂ ಪಾಕೆಟ್‌ಗೆ ಇಳಿದು ದಂಡ ಕಟ್ಟಿಸುತ್ತದೆ. ಕಾಯಿಯ ತೂಕ 5 ಗ್ರಾಂ ಚಿಲ್ಲರೆ, ಸ್ಟ್ರೈಕರ್ ಅದರ ಮೂರು ಪಟ್ಟು. ಹಾಗಾಗಿ ನೆಟ್ಟಗೆ ತಾಗಿದ ಮೇಲೂ ಅದು ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಜೋರು ಕಡಿಮೆ ಮಾಡಿ, ಇಲ್ಲವೇ ಬೇಸ್‌ಲೈನ್ (ಸ್ಟ್ರೈಕರ್ ಇಟ್ಟು ಹೊಡೆಯುವ ಗೆರೆ) ಮೇಲೆ ಸ್ಟ್ರೈಕರನ್ನು ಒಂದಿಷ್ಟು ಸರಿಸಿ ಕಾಯಿಯನ್ನು ಓರೆಯಾಗಿ ತಾಗಿಸಿ. ಎಷ್ಟು ಸರಿಸಬೇಕೆಂದು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ನೂರು ಸಲ ಹೊಡೆದಾಗ ಬೆರಳಿಗೆ ತಿಳಿಯುತ್ತದೆ.

ಎರಡನೇ ವಾರದಿಂದ ಕಟ್ ಹೊಡೆತ (ಕಾಯಿಯ ಅಂಚಿಗೆ ತಾಗಿಸಿ ಓರೆಗೆ ಕಳಿಸುವುದು), ಅದೇ ಲೆಕ್ಕದಲ್ಲಿ.

ಕೊನೆಯ ಹತ್ತು ನಿಮಿಷ ಕ್ವೀನ್‌ಗೆ, ಅಂದರೆ ಕೆಂಪು ಕಾಯಿಗೆ. ಕ್ವೀನ್ ಮತ್ತು ಎರಡು ಕಾಯಿ ಮಾತ್ರ ಬೋರ್ಡಿನ ಮೇಲಿಡಿ. ಕ್ವೀನ್ ಹಾಕಿದ ಮೇಲೆ ಕವರ್, ಅಂದರೆ ಅದರ ಬೆನ್ನಿಗೇ ಹಾಕಬೇಕಾದ ನಿಮ್ಮದೇ ಒಂದು ಕಾಯಿ, ಬೀಳದಿದ್ದರೆ ಕ್ವೀನ್ ವಾಪಸ್ ಬರುತ್ತದೆ. ಆದ್ದರಿಂದ ಕವರ್ ಕಾಯಿಯನ್ನು ಮೊದಲೇ ನೋಡಿಟ್ಟುಕೊಂಡು ಆಮೇಲೆ ಕ್ವೀನ್ ಹೊಡೆಯುವ ಅಭ್ಯಾಸ ಬೇಕು. ಕ್ವೀನ್‌ಗೆ 3 ಅಂಕವೇನೋ ಇದೆ, ಆದರೆ ನಿಮ್ಮ ಅಂಕ 22 ಮುಟ್ಟಿದ ಮೇಲೆ ಆ ಮೂರು ಸೇರುವುದಿಲ್ಲ. ಪಂದ್ಯದಲ್ಲಿ ಒಂದು ಹೊಡೆತಕ್ಕೆ 15 ಸೆಕೆಂಡು ಮಾತ್ರ. ಮೊಬೈಲ್‌ನಲ್ಲಿ ಟೈಮರ್ ಹಾಕಿಕೊಳ್ಳಿ.

ಮುಂಬೈ ಮಳೆಗಾಲದಲ್ಲಿ ಲೆಕ್ಕ ಇಳಿದರೆ ಎದೆಗೆಡಬೇಡಿ. ತೇವಕ್ಕೆ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿ ಗಂಟು ಕಟ್ಟುತ್ತದೆ, ಬೋರ್ಡು ನಿಧಾನವಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಆ ದಿನದ ಲೆಕ್ಕದ ಪಕ್ಕ 'ಮಳೆ' ಎಂದು ಬರೆದುಕೊಳ್ಳಿ.

ಹೊಸ ಸ್ಟ್ರೈಕರ್ ಕೊಳ್ಳುವುದಿದ್ದರೆ ಪಂದ್ಯಕ್ಕೆ ಮೂರು ವಾರ ಮೊದಲೇ ಕೊಳ್ಳಿ. ಮೊದಲ ವಾರ 16 ಇದ್ದದ್ದು 11ಕ್ಕೆ ಇಳಿದರೂ ಆಶ್ಚರ್ಯವಿಲ್ಲ.