ತೂಕವಷ್ಟೇ ಸಾಲದು, ಕೂಸಿನ ಉದ್ದವನ್ನೂ ಅಳೆಯಿರಿ

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಸಾಕಷ್ಟು ಸ್ರವಿಸದಿದ್ದರೂ ಕೂಸು ಸಾಮಾನ್ಯವಾಗಿ ತಕ್ಕ ತೂಕ, ತಕ್ಕ ಉದ್ದದಲ್ಲೇ ಹುಟ್ಟುತ್ತದೆ. ಗರ್ಭದೊಳಗಿನ ಬೆಳವಣಿಗೆ ಹೆಚ್ಚಾಗಿ ತಾಯಿಯ ಪೋಷಣೆ, ಇನ್ಸುಲಿನ್ ಮೊದಲಾದವುಗಳಿಂದ ನಡೆಯುವುದೇ ಇದಕ್ಕೆ ಕಾರಣ. ಬೆಳವಣಿಗೆ ಹಿಂದೆ ಬೀಳುವುದು ಹಲವು ಮಕ್ಕಳಲ್ಲಿ ಆರು ತಿಂಗಳ ಆಸುಪಾಸಿನಲ್ಲಿ. ಆಗಲೂ ಮಗು ಗುಂಡುಗುಂಡಾಗಿಯೇ ಇರಬಹುದಾದ್ದರಿಂದ, ತಕ್ಕಡಿಯನ್ನಷ್ಟೇ ನಂಬಿದರೆ ಕೊರತೆ ಗೊತ್ತಾಗುವುದಿಲ್ಲ.

ಬಾಣಂತನದ ದಿನಗಳಲ್ಲೇ ಗಮನಿಸಬೇಕಾದ ಸೂಚನೆಗಳಿವೆ. ರಕ್ತದ ಸಕ್ಕರೆ ಪದೇ ಪದೇ ಇಳಿಯುವುದು, ಕಾಮಾಲೆ ಎರಡು ವಾರ ಕಳೆದರೂ ಹೋಗದಿರುವುದು, ಗಂಡುಕೂಸಿನ ಶಿಶ್ನ ತೀರಾ ಚಿಕ್ಕದಿರುವುದು, ಸೀಳು ಅಂಗುಳ, ಕಣ್ಣುಗುಡ್ಡೆಗಳು ನಿಲ್ಲದೆ ಅಲುಗಾಡುವುದು, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತಿಳಿಸಬೇಕು. ಸಕ್ಕರೆ ಇಳಿದು ಫಿಟ್ಸ್ ಬಂದರೆ ಮೆದುಳಿಗೇ ಪೆಟ್ಟಾಗಬಹುದು. ಕುಳ್ಳಾಗುವುದಕ್ಕಿಂತ ಇದು ಹೆಚ್ಚು ಅಪಾಯಕಾರಿ.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ಟೋಪಿ, ಕಾಲುಚೀಲ ತೆಗೆದು, ಅಳತೆಯ ಹಲಗೆಯ ಮೇಲೆ ಅಂಗಾತ ಮಲಗಿಸಿ, ಒಬ್ಬರು ನೆತ್ತಿಯನ್ನು ತಲೆಕಡೆಯ ಪಟ್ಟಿಗೆ ತಾಗಿಸಿ ಹಿಡಿದರೆ, ಇನ್ನೊಬ್ಬರು ಮೊಣಕಾಲನ್ನು ಮೆಲ್ಲನೆ ಒತ್ತಿ, ಅಂಗಾಲಿಗೆ ಜಾರುಪಟ್ಟಿಯನ್ನು ತಾಗಿಸಬೇಕು. ಒದ್ದಾಡುವ ಕೂಸನ್ನು ಒಬ್ಬರೇ ಟೇಪಿನಲ್ಲಿ ಅಳೆದು ಬರೆದ ಅಂಕಿ ನಂಬಲರ್ಹವಲ್ಲ. ಅಂಗನವಾಡಿಯಲ್ಲಿ ತಾಯಿ ಕಾರ್ಡಿಗೆ ತೂಕ ಬರೆಸುವಾಗ ಉದ್ದವನ್ನೂ ಅಳೆಯುವಂತೆ ಕೇಳಿರಿ.

ಸುಮಾರು 50 ಸೆಂ.ಮೀ. ಉದ್ದ ಹುಟ್ಟಿದ ಮಗು ಮೊದಲ ವರ್ಷದಲ್ಲಿ 25 ಸೆಂ.ಮೀ.ನಷ್ಟು, ಎರಡನೆಯ ವರ್ಷದಲ್ಲಿ ಅದರ ಅರ್ಧದಷ್ಟು ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ನಕ್ಷೆಯಲ್ಲಿ ಅಳತೆಗಳನ್ನು ಗುರುತಿಸುತ್ತಾ ಹೋದಾಗ, ಮೂರು ತಿಂಗಳಿಗೊಮ್ಮೆ ಅಳೆದಾಗಲೆಲ್ಲ ಮಗುವಿನ ಉದ್ದದ ಗೆರೆ ನಕ್ಷೆಯ ಕೆಳಗಿನ ಗೆರೆಗಳತ್ತ ಸರಿಯುತ್ತಿದ್ದು ತೂಕ ಮಾತ್ರ ಹೆಚ್ಚು ಕುಸಿಯದಿದ್ದರೆ ಹಾರ್ಮೋನಿನ ತೊಂದರೆಯನ್ನು ಶಂಕಿಸಬೇಕು. ಆಹಾರದ ಕೊರತೆಯಲ್ಲಿ ಸಾಮಾನ್ಯವಾಗಿ ಮೊದಲು ಇಳಿಯುವುದು ತೂಕ. ಅವಧಿಗೆ ಮುನ್ನ ಹುಟ್ಟಿದವರ ವಯಸ್ಸನ್ನು ಹೆರಿಗೆಯ ನಿರೀಕ್ಷಿತ ದಿನಾಂಕದಿಂದ ಎಣಿಸಬೇಕು.

ಮುಂದಿನದು ಮಕ್ಕಳ ಹಾರ್ಮೋನು ತಜ್ಞರ ಕೆಲಸ. ಅವರು ಥೈರಾಯ್ಡ್, ಕಾರ್ಟಿಸಾಲ್ (ಕಾಯಿಲೆಯ ಒತ್ತಡವನ್ನು ತಾಳಲು ದೇಹಕ್ಕೆ ಬೇಕಾದ ಹಾರ್ಮೋನು) ಮತ್ತು ಐಜಿಎಫ್-1 (ಬೆಳವಣಿಗೆಯ ಹಾರ್ಮೋನಿನ ಪ್ರಭಾವದಿಂದ ದೇಹದಲ್ಲಿ ತಯಾರಾಗುವ ವಸ್ತು) ಪರೀಕ್ಷಿಸಿ, ಅಗತ್ಯವಿದ್ದರೆ ಎಂಆರ್‌ಐ ಮಾಡಿಸುತ್ತಾರೆ. ಕೊರತೆ ಖಚಿತವಾದರೆ ಚರ್ಮದಡಿಗೆ ಹಾರ್ಮೋನಿನ ಇಂಜೆಕ್ಷನ್ ಕೊಡಬೇಕಾಗುತ್ತದೆ. ದಿನವೂ ಕೊಡುವ ಮದ್ದನ್ನು ಸಾಮಾನ್ಯವಾಗಿ ರಾತ್ರಿ ಚುಚ್ಚುತ್ತಾರೆ. ಟಾನಿಕ್ಕು, ಪುಡಿಗಳಿಂದ ಈ ಕೊರತೆ ತುಂಬುವುದಿಲ್ಲ. ಕಾರ್ಟಿಸಾಲ್ ಕೂಡ ಕಡಿಮೆಯಿರುವ ಮಗುವಿಗೆ ಜ್ವರ ಅಥವಾ ವಾಂತಿಯಾದಾಗ ಎಷ್ಟು ಹೆಚ್ಚುವರಿ ಔಷಧಿ ಕೊಡಬೇಕೆಂಬುದನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿರಿ. ಹಾಲು ಕುಡಿಯದೆ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.