ಒಂದು ಕೌದಿ, ನಾಲ್ಕು ಮೂಲೆ, ಆರು ಸೂಜಿ

ಸೊಲ್ಲಾಪುರದಲ್ಲಿ ಕುಳಿತು ಕೌದಿ, ಅಂದರೆ ಹಳೆಯ ಬಟ್ಟೆಗಳ ಪದರ ಸೇರಿಸಿದ ಹೊದಿಕೆ, ಹೊಲಿಯುತ್ತೇನೆ ಎಂದರೆ ನಗುವವರೇ ಹೆಚ್ಚು. ಇದು ಚಾದರದ ಊರು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೊದಿಕೆಗಳು ಅಂಗಡಿ ಅಂಗಡಿಯಲ್ಲಿ ರಾಶಿ ಬಿದ್ದಿರುವಾಗ ಹಳೆಯ ಸೀರೆ ಹುಡುಕಿ ಹೊಲಿಯುವ ಉಸಾಬರಿ ಯಾಕೆ ಎಂದು ನಮ್ಮ ಯಜಮಾನರೇ ಕೇಳಿದ್ದರು. ಈಗ ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಇಟ್ಟುಕೊಡುವವರು ಅವರೇ.

ಹಿಂಗಾರಿ ಜೋಳದ ರಾಶಿ ಮುಗಿದು ಮಿರಗದ (ಮೃಗಶಿರ) ಮಳೆ ಬೀಳುವವರೆಗಿನ ಬಿಡುವು ನಮ್ಮ ಕಡೆ ಕೌದಿಯ ಕಾಲ. ಅಕ್ಕಲಕೋಟ ತಾಲ್ಲೂಕಿನ ನನ್ನ ತವರಿನಲ್ಲಿ ಈ ದಿನಗಳಿಗಾಗಿಯೇ ವರ್ಷವಿಡೀ ಹಳೆಯ ಸೀರೆಗಳು ಗಂಟು ಕಟ್ಟಿಕೊಂಡು ಕಾಯುತ್ತಿದ್ದವು. ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ, ಒಳಗೆ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಫರಸಿ ತಣ್ಣಗಿರುತ್ತದೆ. ಊಟ ಮುಗಿಸಿ ಎದುರುಮನೆಯ ಮರಾಠಿ ವಹಿನಿ ಬರುತ್ತಾರೆ, ಪಕ್ಕದ ಪದ್ಮಶಾಲಿ ಮನೆಯ ತೆಲುಗು ಅಕ್ಕ ಬರುತ್ತಾರೆ. ನಾವು ಕೌದಿ ಎಂದರೆ ವಹಿನಿ ಗೋಧಡಿ ಎನ್ನುತ್ತಾರೆ, ಅವರ ಅತ್ತೆಯ ಬಾಯಲ್ಲಿ ಅದು ವಾಕಳ, ತೆಲುಗು ಅಕ್ಕನಿಗೆ ಬೊಂತ. ಮೂರು ಭಾಷೆಯ ಮಾತು, ಒಂದೇ ಹೊಲಿಗೆ.

ಜನ ಯಾಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಆರು ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲದ ಒಂಟಿ ಕೌದಿಗೆ ಬೆರಳಗಲದ ಅಂತರದಲ್ಲಿ ಸಾಲು ಹಾಕುತ್ತ ಹೋದರೆ ಒಟ್ಟು ಹೊಲಿಗೆ ಸುಮಾರು 110 ಮೀಟರ್ ಆಗುತ್ತದೆ. ಸೆಂಟಿಮೀಟರಿಗೆ ಒಂದು ಟಾಕಾ, ಅಂದರೆ ಒಂದು ಹೊಲಿಗೆ, ಎಂದು ಹಿಡಿದರೂ ಹನ್ನೊಂದು ಸಾವಿರ ಸಲ ಸೂಜಿ ಏರಿಳಿಯಬೇಕು. ಒಬ್ಬರೇ ಕುಳಿತರೆ ಬೇಸಿಗೆ ಮುಗಿದರೂ ಕೌದಿ ಮುಗಿಯುವುದಿಲ್ಲ. ಐದಾರು ಜನ ದಿನಕ್ಕೆ ಎರಡು ಗಂಟೆ ಕುಳಿತರೆ ವಾರದಲ್ಲಿ ಮುಗಿಯುತ್ತದೆ.

ಬಟ್ಟೆ ಆರಿಸುವಾಗ

ಹತ್ತಿ ಬಟ್ಟೆ, ಅದೂ ಉಟ್ಟು ಒಗೆದು ಮೆತ್ತಗಾದದ್ದು. ಹೊಸ ಬಟ್ಟೆ ಕೊಂಡು ತುಂಡರಿಸಿ ಕೌದಿ ಹೊಲಿಯುವವರನ್ನು ಕಂಡರೆ ನನಗೆ ಮರುಕ ಬರುತ್ತದೆ. ಗಂಜಿ ಬಿಡದ ಬಟ್ಟೆಯಲ್ಲಿ ಸೂಜಿ ಇಳಿಯುವುದಿಲ್ಲ, ಹೊದ್ದರೆ ಮೈಗೆ ಹತ್ತುವುದೂ ಇಲ್ಲ. ಇಳಕಲ್ ಸೀರೆಯ ಹತ್ತಿಯ ಒಡಲು ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಕೆಂಪು ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುವುದರಿಂದ ಜಾರುತ್ತದೆ. ಅದನ್ನು ಕತ್ತರಿಸಿ ಬೇರೆ ಇಡಿ, ಅಂಚಿಗೆ ಬಳಸಬಹುದು. ಉಡಿ ತುಂಬಿದಾಗ ಬಂದು ಟ್ರಂಕಿನ ತಳ ಸೇರಿದ ಗುಳೇದಗುಡ್ಡ ಖಣಗಳು (ರವಿಕೆ ಬಟ್ಟೆಗಳು) ತ್ರಿಕೋನದ ತೇಪೆಗೆ ಚೆಂದ, ಆದರೆ ಮೇಲ್ಮೈಗೆ ಮಾತ್ರ. ಪಾಲಿಯೆಸ್ಟರ್ ಸೀರೆ ಎಷ್ಟೇ ಹೊಳೆದರೂ ಬೇಡ. ಬೆವರು ಹೀರುವುದಿಲ್ಲ, ಪದರಗಳ ನಡುವೆ ಹಾವಿನಂತೆ ಸರಿಯುತ್ತದೆ. ಜೀನ್ಸ್ ಹಾಕಿದರೆ ಸೂಜಿಯೂ ಮುರಿಯುತ್ತದೆ, ಸ್ನೇಹವೂ ಮುರಿಯುತ್ತದೆ.

ಬಟ್ಟೆಯನ್ನು ಎರಡೂ ಹೆಬ್ಬೆರಳಿನಿಂದ ಹಿಡಿದು ಜಗ್ಗಿ ನೋಡಿ. ಪರ್ರನೆ ಹರಿದರೆ ಅದು ಒಳಪದರಕ್ಕೆ. ತಡೆದುಕೊಂಡರೆ ಮೇಲಕ್ಕೆ ಅಥವಾ ಅಡಿಗೆ.

ಬಣ್ಣದ ವಿಷಯದಲ್ಲಿ ನಾನು ಬೆಲೆ ತೆತ್ತು ಕಲಿತವಳು. ಮೊದಲ ಕೌದಿಗೆ ಒಗೆಯದ ಕೆಂಪು ರವಿಕೆ ತುಂಡೊಂದನ್ನು ಆಸೆಯಿಂದ ನಟ್ಟನಡುವೆ ಇಟ್ಟಿದ್ದೆ. ಮೊದಲ ಒಗೆತಕ್ಕೇ ಅದರ ಸುತ್ತ ಇದ್ದ ಬಿಳಿ ಧೋತರ ಗುಲಾಬಿಯಾಯಿತು. ಈಗ ಪ್ರತಿ ಗಾಢ ಬಣ್ಣದ ಬಟ್ಟೆಯನ್ನೂ ಒದ್ದೆ ಮಾಡಿ, ಬಿಳಿ ಕರವಸ್ತ್ರದ ಮಡಿಕೆಯೊಳಗಿಟ್ಟು ಇಸ್ತ್ರಿ ಒತ್ತುತ್ತೇನೆ. ಕರವಸ್ತ್ರಕ್ಕೆ ಬಣ್ಣ ಅಂಟಿದರೆ ನೀರು ತಿಳಿಯಾಗುವವರೆಗೆ ಬೇರೆ ಬಕೆಟ್ಟಿನಲ್ಲಿ ನೆನೆಸಿ ಒಗೆಯಬೇಕು. ಆಗಲೂ ಬಿಡುತ್ತಿದ್ದರೆ ಅದಕ್ಕೆ ಕೈಮುಗಿದು ನೆಲ ಒರೆಸಲು ಇಟ್ಟುಕೊಳ್ಳಿ. ಉಪ್ಪುನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ.

ಹಾಸುವುದು, ಕಟ್ಟಿಹಾಕುವುದು

ಮೊದಲ ಸಲಕ್ಕೆ ಸುಲಭ ದಾರಿಯೆಂದರೆ ಒಂದೇ ಸೀರೆ. ಐದೂವರೆ ಮೀಟರ್ ಸೀರೆಯನ್ನು ಮೂರು ಮಡಿಕೆ ಹಾಕಿದರೆ ಆರು ಅಡಿ ಉದ್ದದ ಮೂರು ಪದರ ಸಿಗುತ್ತದೆ, ಕತ್ತರಿಯ ಕೆಲಸವೇ ಇಲ್ಲ. ಮಡಿಕೆಯೊಳಗೆ ಒಂದು ಹಳೆಯ ಧೋತರ. ಮೇಲೆ ತೇಪೆಗಳ ಪದರ. ಒಟ್ಟು ಐದು. ಆರನೆಯದಕ್ಕೆ ಆಸೆ ಪಡಬೇಡಿ, ಮೂರನೆಯ ದಿನಕ್ಕೆ ಬೆರಳ ತುದಿ ಶಾಪ ಹಾಕುತ್ತದೆ.

ನೆಲವನ್ನು ಗುಡಿಸಿ ಒರೆಸಿ ಸೀರೆ ಹಾಸಿ. ಫರಸಿಯ ಸಂದುಗಳೇ ಅಳತೆಪಟ್ಟಿ. ಸೀರೆಯ ಅಂಚು ಸಂದಿಗೆ ಸರಿಯಾಗಿ ಕೂತರೆ ಕೌದಿ ಓರೆಯಾಗುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ಹಿಟ್ಟಿನ ಡಬ್ಬಿ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಸುಕ್ಕು ತೆಗೆಯಿರಿ. ಫ್ಯಾನ್ ಬಂದ್ ಮಾಡಿ ಎಂದು ಬೇರೆ ಹೇಳಬೇಕಿಲ್ಲ. ಮೊದಲ ಗಾಳಿಗೇ ನಿಮಗೆ ತಿಳಿಯುತ್ತದೆ.

ಇನ್ನು ಕಚ್ಚಾ ಟಾಕಾ. ಗೇಣಿಗೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ ದೊಡ್ಡ ದೊಡ್ಡ ಹೊಲಿಗೆ ಹಾಕಿ ಪದರಗಳನ್ನು ಕಟ್ಟಿಹಾಕಬೇಕು. ಕೊನೆಗೆ ಬಿಚ್ಚುವ ದಾರ ಇದು, ಬೇರೆ ಬಣ್ಣದ್ದಿರಲಿ. ಬೇಸರದ ಕೆಲಸವೆಂದು ಇದನ್ನು ಹಾರಿಸಿದರೆ ಮುಂದಿನ ಎಲ್ಲ ಹಾನಿಗೂ ಇದೇ ಮೂಲ.

ತೇಪೆ ಜೋಡಿಸುವ ಕೆಲಸವನ್ನು ಮಕ್ಕಳಿಗೆ ಬಿಡಿ. ದೊಡ್ಡವರು ಕೈಹಾಕಿದರೆ ಎಲ್ಲವೂ ಸಮಸಮ ಆಗಿ ಬ್ಯಾಂಕಿನ ಪರದೆಯ ಹಾಗೆ ಕಾಣುತ್ತದೆ. ತೇಪೆಗಳನ್ನು ಮೊದಲೇ ಒಂದಕ್ಕೊಂದು ಹೊಲಿದು ಜೋಡಿಸಬೇಕಾಗಿಲ್ಲ. ಅಂಚನ್ನು ಕಾಲಂಗುಲ ಒಳಗೆ ಮಡಚಿ ಜಾಗದಲ್ಲಿ ಇಟ್ಟರೆ, ಮೇಲೆ ಹಾಯುವ ಸಾಲುಹೊಲಿಗೆಯೇ ತೇಪೆಯನ್ನೂ ಪದರಗಳನ್ನೂ ಒಟ್ಟಿಗೆ ಹಿಡಿಯುತ್ತದೆ. ನಮ್ಮ ಎರಡನೆಯ ಕೌದಿಯಲ್ಲಿ ಮಗಳು ತನ್ನ ಶಾಲೆಯ ಚೌಕಳಿ ಸಮವಸ್ತ್ರವನ್ನು ಒಂದು ಮೂಲೆಗೂ, ಅಪ್ಪನ ಹಳೆಯ ಅಂಗಿಯ ಜೇಬನ್ನು ಜೇಬಾಗಿಯೇ ತಲೆಯ ಕಡೆಗೂ ಇಟ್ಟಳು. ಸುತ್ತ ಮಾತ್ರ ಹೊಲಿದು ಬಾಯಿ ತೆರೆದೇ ಬಿಟ್ಟೆವು. ಆ ಕೌದಿ ಈಗ ನಮ್ಮ ಅತ್ತೆಯದು. ರಾತ್ರಿ ಕನ್ನಡಕ ಆ ಜೇಬಿನಲ್ಲಿಯೇ ಮಲಗುತ್ತದೆ.

ಹೊಲಿಗೆ

ದಾರ ದಪ್ಪನೆಯ ಹತ್ತಿಯದಿರಲಿ. ಹೊಲಿಗೆ ಯಂತ್ರದ ದಾರವನ್ನು ಎರಡೆಳೆ ಮಾಡಿದರೂ ಬಾಳಿಕೆ ಬರುವುದಿಲ್ಲ. ಒಂದೂವರೆ ಮೊಳಕ್ಕಿಂತ ಉದ್ದ ತೆಗೆಯಬೇಡಿ. ಮತ್ತೆ ಮತ್ತೆ ಪೋಣಿಸುವ ಸೋಮಾರಿತನಕ್ಕೆ ಮಾರುದ್ದ ದಾರ ಹಾಕಿದವರು ಅರ್ಧ ಮಧ್ಯಾಹ್ನ ಗಂಟು ಬಿಡಿಸುವುದರಲ್ಲಿ ಕಳೆಯುತ್ತಾರೆ. ದಾರವನ್ನು ಒಮ್ಮೆ ಮೇಣದಬತ್ತಿಗೆ ಉಜ್ಜಿ, ಸೂಜಿಗಳನ್ನು ಒಣ ಸಾಬೂನಿಗೆ ಚುಚ್ಚಿಡಿ. ಐದು ಪದರದಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ.

ಪಾಶ್ಚಾತ್ಯ ಪದ್ಧತಿಯ ಹೊದಿಕೆಗಳನ್ನು ಸಾಮಾನ್ಯವಾಗಿ ನಡುವಿನಿಂದ ಹೊರಗೆ ಹೊಲಿಯುತ್ತಾರೆ. ನಮ್ಮದು ತದ್ವಿರುದ್ಧ. ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಯೂ ಹೀಗೆಯೇ ಮೂಲೆಯಿಂದ ಒಳಮುಖವಾಗಿ ಸಾಗುತ್ತದೆ. ಇದರ ಅನುಕೂಲವೆಂದರೆ ನಾಲ್ಕು ಬದಿಗೆ ನಾಲ್ವರು ಎದುರುಬದುರಾಗಿ ಕೂರಬಹುದು, ಇನ್ನಿಬ್ಬರು ಉದ್ದದ ಬದಿಗಳಲ್ಲಿ ಜಾಗ ಮಾಡಿಕೊಳ್ಳಬಹುದು. ಅನನುಕೂಲವೂ ಇಲ್ಲಿಯೇ ಇದೆ. ಸುತ್ತಲಿಂದ ತಳ್ಳಿಸಿಕೊಂಡ ಬಟ್ಟೆಯೆಲ್ಲ ನಡುವಿಗೆ ಬಂದು ಉಬ್ಬುತ್ತದೆ. ಅದಕ್ಕೇ ಎಡಗೈ ಸುಮ್ಮನಿರಬಾರದು. ಸೂಜಿಯ ಮುಂದೆ ಅಂಗೈ ಊರಿ ಬಟ್ಟೆಯನ್ನು ಒತ್ತಿ ಹಿಡಿದಿರಬೇಕು. ಎದುರಿಗೆ ಕುಳಿತವರು ಅದೇ ಹೊತ್ತಿಗೆ ತಮ್ಮ ಕಡೆಯಿಂದ ಒತ್ತುತ್ತಿರುತ್ತಾರೆ. ಒಬ್ಬರೇ ಹೊಲಿದ ಕೌದಿ ಸೊಟ್ಟಗಾಗುವುದು ಈ ಎರಡನೆಯ ಅಂಗೈ ಇಲ್ಲದ್ದರಿಂದ.

ಟಾಕಾ ಜೋಳದ ಕಾಳಿನಷ್ಟಿರಲಿ, ನಡುವಿನ ಬಿಡುವೂ ಅಷ್ಟೇ. ಸೂಜಿಯ ಮೇಲೆ ಮೂರು ನಾಲ್ಕು ಟಾಕಾ ಏರಿಸಿಕೊಂಡು ಒಮ್ಮೆಗೇ ಎಳೆಯಿರಿ. ದಾರ ಬಟ್ಟೆಗೆ ತಾಗಿ ಮಲಗಿದರೆ ಸಾಕು, ಬಿಗಿಯಬಾರದು. ಬಿಗಿದರೆ ಅಂಚು ನೆರಿಗೆ ಹಿಡಿಯುತ್ತದೆ. ವಹಿನಿಯ ಕೈ ಬಿಗಿ, ತೆಲುಗು ಅಕ್ಕನದು ಸಡಿಲ. ಮೊದಲ ವರ್ಷ ಒಂದು ಬದಿ ಎರಡು ಬೆರಳು ಕುಗ್ಗಿಯೇ ಹೋಯಿತು. ಆಮೇಲೆ ಪ್ರತಿ ಸುತ್ತು ಮುಗಿದಾಗ ಎಲ್ಲರೂ ಎದ್ದು ಬಲಕ್ಕೆ ಒಂದೊಂದು ಜಾಗ ಸರಿಯುವ ಪದ್ಧತಿ ಮಾಡಿದೆವು. ಬಿಗಿ ಕೈ, ಸಡಿಲ ಕೈ ಎಲ್ಲ ಬದಿಗೂ ಹಂಚಿಹೋಗಿ ಕೌದಿ ಸರಿಹೋಯಿತು. ಮೊಣಕಾಲಿಗೂ ಬಿಡುವು, ಚಹಾಕ್ಕೂ ನೆಪ.

ಮಗಳು ಮೊದಲ ಸಲ ಹೊಲಿದ ಸಾಲು ಮಣ್ಣಿನ ಮೇಲೆ ಕಾಗೆ ನಡೆದಂತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನು ಮೆಲ್ಲಗೆ ಬಿಚ್ಚಿ ನಾನೇ ಹೊಲಿದೆ. ಮರುದಿನ ಅವಳು ಬಂದು ನೋಡಿದಳು, ಏನೂ ಅನ್ನಲಿಲ್ಲ, ಎರಡು ದಿನ ಕೌದಿಯ ಹತ್ತಿರ ಸುಳಿಯಲಿಲ್ಲ. ಅಂದಿನಿಂದ ನಮ್ಮಲ್ಲಿ ಇನ್ನೊಬ್ಬರ ಟಾಕಾ ಬಿಚ್ಚುವಂತಿಲ್ಲ. ಒಂದೇ ವಿನಾಯಿತಿ ಇದೆ. ಕಾಲುಂಗುರ ಸಿಕ್ಕಿಬೀಳುವಷ್ಟು ಉದ್ದ ಟಾಕಾ ಇದ್ದರೆ ಬಿಚ್ಚಬಹುದು, ಹೊಲಿದವರೇ ಬಿಚ್ಚಬೇಕು.

ದಿನದ ಕೊನೆಗೆ ಸೂಜಿ ಎಣಿಸುವುದನ್ನು ಮರೆಯಬೇಡಿ. ಆರು ಇಳಿಸಿದ್ದರೆ ಆರು ಸಾಬೂನಿಗೆ ಮರಳಬೇಕು. ಕೆಟ್ಟ ಸ್ಪೀಕರಿನ ಅಯಸ್ಕಾಂತವೊಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇವೆ. ಕೌದಿಯ ಮೇಲೂ ನೆಲದ ಮೇಲೂ ಒಮ್ಮೆ ಆಡಿಸದೆ ಯಾರನ್ನೂ ಬರಿಗಾಲಲ್ಲಿ ಓಡಾಡಲು ಬಿಡುವುದಿಲ್ಲ.

ನಡು, ಮೂಲೆ, ಒಗೆತ

ಎಷ್ಟು ಜಾಗ್ರತೆ ಮಾಡಿದರೂ ನಡುವಿಗೆ ಬರುವ ಹೊತ್ತಿಗೆ ಒಂದಿಷ್ಟು ಉಬ್ಬು ಉಳಿದಿರುತ್ತದೆ. ಅದನ್ನು ಚಿಕ್ಕ ನೆರಿಗೆಯಾಗಿ ಮಡಚಿ ಮೇಲೊಂದು ಚೌಕ ತೇಪೆ ಕೂರಿಸಿ. ನೋಡಿದವರು ಬೇಕೆಂದೇ ಮಾಡಿದ ಅಲಂಕಾರ ಎಂದುಕೊಳ್ಳುತ್ತಾರೆ, ನೀವೂ ಹಾಗೆಯೇ ಹೇಳಿ.

ಆ ತೇಪೆಯ ಕೊನೆಯ ಬದಿಯನ್ನು ಮುಚ್ಚುವ ಮೊದಲು ನಮ್ಮ ಮನೆಯಲ್ಲಿ ಕೌದಿಯ ಹೊಟ್ಟೆ ತುಂಬಿಸುತ್ತೇವೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎನ್ನುತ್ತಿದ್ದಳು ಅವ್ವ. ಅವಳು ಹೋಳಿಗೆಯ ಚೂರು ಇಡುತ್ತಿದ್ದಳು, ಅದಕ್ಕೆ ಇರುವೆ ಮುತ್ತಿದ್ದನ್ನು ಕಂಡಿರುವ ನಾನು ಐದು ಕಾಳು ಒಣ ಜೋಳ ಇಡುತ್ತೇನೆ. ಮೂಲೆಗಳಿಗೆ ಚೌಕ ಬಟ್ಟೆಯನ್ನು ಎರಡು ಸಲ ಮಡಚಿ ತ್ರಿಕೋನ ಮಾಡಿ ಹೊಲಿದರೆ ಸವೆತ ತಡೆಯುತ್ತದೆ. ಸಿದ್ದಿ ಹೆಂಗಸರಿಗೆ ಹೂವೆಂದು ಕರೆಯುವ ಮೂಲೆಯ ಈ ತ್ರಿಕೋನವಿಲ್ಲದಿದ್ದರೆ ಕೌದಿ ಮುಗಿದ ಲೆಕ್ಕವೇ ಅಲ್ಲ. ಕಡೆಗೆ ಕಚ್ಚಾ ಟಾಕಾ ಬಿಚ್ಚಿ.

ಮೊದಲ ಒಗೆತ ತಣ್ಣೀರಿನಲ್ಲಿ. ಒದ್ದೆ ಕೌದಿ ಕರುವಿನಷ್ಟು ಭಾರ, ಒಬ್ಬರೇ ಎತ್ತಲು ಹೋಗಬೇಡಿ. ಹಿಂಡುವ ಬದಲು ಕಟ್ಟೆಯ ಮೇಲೆ ಹರಡಿ ನೀರು ಇಳಿಯಲು ಬಿಡಿ. ಒಂದೇ ಹಗ್ಗಕ್ಕೆ ನೇತುಹಾಕಿದರೆ ಭಾರಕ್ಕೆ ನಡುವೆ ಜಗ್ಗುತ್ತದೆ, ಆದ್ದರಿಂದ ಎರಡು ಹಗ್ಗದ ಮೇಲೆ ಅಗಲವಾಗಿ ಹಾಸಬೇಕು. ಸೊಲ್ಲಾಪುರದ ಮೇ ಬಿಸಿಲಿಗೆ ಒಂದು ಹಗಲು ಸಾಕು, ಮಧ್ಯಾಹ್ನ ಒಮ್ಮೆ ಮಗ್ಗುಲು ಬದಲಿಸಿದರಾಯಿತು. ಒಗೆದ ಮೇಲೆ ಟಾಕಾಗಳ ನಡುವೆ ಬಟ್ಟೆ ಸಣ್ಣಗೆ ಸುಕ್ಕಾಗಿ ಗದ್ದೆಯ ಸಾಲಿನಂತೆ ಏಳುತ್ತದೆ, ಇಸ್ತ್ರಿ ಮಾಡಲು ಹೋಗಬೇಡಿ. ಯಾರ ಮನೆಗೆ ಯಾವ ಕೌದಿ ಎಂಬುದನ್ನು ನಾವು ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ಈ ಸಲ ವಹಿನಿಯ ಸರದಿ ಬಂತು. ಜೇಬಿರುವ ಕೌದಿಯೇ ಬೇಕೆಂದು ಅವರು ಹಟ ಹಿಡಿದಿದ್ದಾರೆ, ಹಾಗಾಗಿ ಮನೆಯಲ್ಲಿ ಇನ್ನೊಂದು ಹಳೆಯ ಅಂಗಿಯ ಹುಡುಕಾಟ ನಡೆದಿದೆ. ನಮ್ಮ ಯಜಮಾನರು ಮಾತ್ರ ಕಪಾಟಿನ ಬೀಗದ ಕೈಯನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ.